ಪಂದ್ಯದ ದಿನದ ರೀಲು, ಪೋಸ್ಟು, ಸ್ಕೋರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಲಬ್, ಅಕಾಡೆಮಿ, ಟೂರ್ನಿಗಳ ಸೋಷಿಯಲ್ ಮೀಡಿಯಾ ಪುಟ ನೋಡಿಕೊಳ್ಳುವವರಿಂದ ಪದೇಪದೇ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಒಂದೋ ಎರಡೋ ಫೋನು, ಅಪರೂಪಕ್ಕೆ ಒಂದು ಕ್ಯಾಮೆರಾ. ಉತ್ತರಗಳೂ ಅಷ್ಟಕ್ಕೇ ಹೊಂದುವಂತಿವೆ.

ಪ್ರಶ್ನೆ: ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂತು ನಾವೇ ತೆಗೆದ ವಿಡಿಯೊ. ಪುಟಕ್ಕೆ ಹಾಕಿದ ಎರಡು ಗಂಟೆಯಲ್ಲಿ ಕಾಪಿರೈಟ್ ನೋಟಿಸ್ ಬಂದು ವಿಡಿಯೊ ಮಾಯವಾಯಿತು. ನಮ್ಮ ವಿಡಿಯೊ ಮೇಲೆ ಬೇರೆಯವರಿಗೇನು ಹಕ್ಕು?

ಉತ್ತರ: ವಿಡಿಯೊ ತೆಗೆದವರು ನೀವೇ, ನಿಜ. ಆದರೆ ನಿಮ್ಮನ್ನು ಒಳಗೆ ಬಿಟ್ಟದ್ದು ಷರತ್ತಿನ ಮೇಲೆ. ಟಿಕೆಟ್ಟಿನ ಹಿಂಬದಿಯ ಅಥವಾ ಆಯೋಜಕರ ವೆಬ್‌ಸೈಟಿನ ಸಣ್ಣ ಅಕ್ಷರಗಳನ್ನು ಓದಿ. ಸ್ವಂತಕ್ಕೆ ಫೋಟೊ ತೆಗೆದುಕೊಳ್ಳಬಹುದು, ನೇರಪ್ರಸಾರ ಮಾಡಬಾರದು, ಆಟದ ದೃಶ್ಯಗಳನ್ನು ಹಂಚಬಾರದು, ವ್ಯಾಪಾರಕ್ಕೆ ಬಳಸಬಾರದು ಎಂಬ ಮಾತುಗಳು ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯ. ಆಟ ನಡೆಯುವಾಗಿನ ದೃಶ್ಯದ ಹಕ್ಕನ್ನು ಪ್ರಸಾರ ಸಂಸ್ಥೆ ದುಡ್ಡು ಕೊಟ್ಟು ಕೊಂಡಿರುತ್ತದೆ, ಅದನ್ನು ಕಾಯಲು ಜನರನ್ನೂ ಸಾಫ್ಟ್‌ವೇರನ್ನೂ ಇಟ್ಟಿರುತ್ತದೆ. ಟಿವಿ ಪರದೆಯನ್ನೇ ರೆಕಾರ್ಡ್ ಮಾಡಿ ಹಾಕುವುದಂತೂ ಬೇಡವೇ ಬೇಡ. ಯೂಟ್ಯೂಬಿನಲ್ಲಿ 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕು ಮೀರಿದ್ದಕ್ಕೆ ದಾಖಲಾಗುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನೋಟಿಸಿನಲ್ಲಿ ಯಾರ ಹೆಸರಿದೆ ಎಂದೂ ನೋಡಿ. ಎಷ್ಟೋ ಸಲ ಅದು ಆಟದ್ದಲ್ಲ, ಹಿಂದೆ ಧ್ವನಿವರ್ಧಕದಲ್ಲಿ ಕೇಳುತ್ತಿದ್ದ ಹಾಡಿನದ್ದು.

ಗ್ಯಾಲರಿಯಿಂದ ಪ್ರತಿ ಎಸೆತ, ಪ್ರತಿ ಅಂಕವನ್ನು ಆಗಿಂದಾಗಲೇ ಹಾಕುತ್ತ ಕೂರುವವರ ಮೇಲೆ ಕಾವಲಿನವರು ಕಣ್ಣಿಡುವುದಕ್ಕೆ ಬೇರೆಯೇ ಕಾರಣವಿದೆ. ಟಿವಿಯಲ್ಲಿ ಕಾಣುವುದು ಕೆಲವು ಸೆಕೆಂಡು ತಡವಾಗಿ. ಆ ಅಂತರವನ್ನು ಬಳಸಿ ಮೈದಾನದಿಂದಲೇ ಬೆಟ್ಟಿಂಗಿಗೆ ಸುದ್ದಿ ಮುಟ್ಟಿಸುವುದನ್ನು 'ಕೋರ್ಟ್‌ಸೈಡಿಂಗ್' ಎನ್ನುತ್ತಾರೆ. 2014ರ ಆಸ್ಟ್ರೇಲಿಯನ್ ಓಪನ್ ಟೆನಿಸಿನಲ್ಲಿ ಇದೇ ಆರೋಪದ ಮೇಲೆ ಒಬ್ಬರ ಬಂಧನವೂ ಆಗಿತ್ತು. ಮುಂದೆ ಆ ಆರೋಪವನ್ನು ಕೈಬಿಟ್ಟರು.

ತಂಡದ ಪರವಾಗಿಯೋ ಆಯೋಜಕರ ಪರವಾಗಿಯೋ ಹೋಗುವುದಾದರೆ ಅಕ್ರೆಡಿಟೇಶನ್ ಕಾರ್ಡ್ (ಆಯೋಜಕರು ಕೊಡುವ ಅಧಿಕೃತ ಪ್ರವೇಶಪತ್ರ) ಪಡೆಯಿರಿ. ಕಾರ್ಡಿನ ಜೊತೆಗೆ ಈ ಸಂಗತಿಗಳು ಇ-ಮೇಲಿನಲ್ಲಿ ಬರಹವಾಗಿ ಸಿಗಲಿ: ಯಾವ ಜಾಗಕ್ಕೆ ಪ್ರವೇಶ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಆಟ ನಡೆಯುವಾಗ ವಿಡಿಯೊ ತೆಗೆಯಬಹುದೇ, ತೆಗೆದರೆ ಎಷ್ಟು ಸೆಕೆಂಡು ಹಾಕಬಹುದು, ಯಾವಾಗ ಹಾಕಬಹುದು, ಲೈವ್ ಹೋಗಬಹುದೇ, ಪೋಸ್ಟಿನಲ್ಲಿ ನಿಮ್ಮ ಪ್ರಾಯೋಜಕರ ಹೆಸರು ಬರಬಹುದೇ. ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು, ಜಗಳವಾಗುವುದೂ ಅದರ ಮೇಲೆಯೇ. ಉದಾಹರಣೆಗೆ, ಒಲಿಂಪಿಕ್ ಚಾರ್ಟರ್ ಎಂಬ ನಿಯಮಾವಳಿಯ 40ನೇ ನಿಯಮ ಕ್ರೀಡಾಪಟುವಿನ ಹೆಸರು, ಚಿತ್ರವನ್ನು ಕ್ರೀಡಾಕೂಟದ ಅವಧಿಯಲ್ಲಿ ಜಾಹೀರಾತಿಗೆ ಬಳಸುವುದಕ್ಕೆ ಮಿತಿ ಹಾಕುತ್ತದೆ. ಆಟಗಾರರು ಪ್ರಾಯೋಜಕರಿಗೆ 'ಧನ್ಯವಾದ' ಎಂದು ಹಾಕುವ ಪೋಸ್ಟಿಗೂ ಅದರ ಬಿಸಿ ತಟ್ಟುತ್ತದೆ. ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಡ್ರೆಸ್ಸಿಂಗ್ ರೂಮು, ಡಗೌಟು ಇರುವ ಆಟಗಾರರ ವಲಯಕ್ಕೆ ಭ್ರಷ್ಟಾಚಾರ ತಡೆ ನಿಯಮಗಳ ಪ್ರಕಾರ ಫೋನ್ ನಿರ್ಬಂಧವಿದೆ. ಒಳಗೆ ಒಂದೇ ಒಂದು ಸೆಲ್ಫಿ ತೆಗೆಯುವ ಮುನ್ನವೂ ಅಲ್ಲಿನ ಅಧಿಕಾರಿಯನ್ನು ಕೇಳಿ.

ಪ್ರಶ್ನೆ: ಆಟದ ವಿಡಿಯೊ ಹಾಕಬಾರದು ಎಂದರೆ ಹಾಕುವುದಾದರೂ ಏನನ್ನು? ಗ್ಯಾಲರಿಯಿಂದ ತೆಗೆದರೆ ಆಟಗಾರರು ಇರುವೆಗಳಂತೆ ಕಾಣುತ್ತಾರೆ.

ಉತ್ತರ: ಇರುವೆಗಳಂತೆ ಕಾಣುವುದು ನಿಮ್ಮ ತಪ್ಪಲ್ಲ. ಪ್ರಸಾರದವರ ಹತ್ತಾರು ಕ್ಯಾಮೆರಾ, ಮಾರುದ್ದದ ಲೆನ್ಸುಗಳ ಮುಂದೆ ಫೋನು ಗೆಲ್ಲುವ ಪಂದ್ಯ ಅದಲ್ಲ. ಅವರ ಕ್ಯಾಮೆರಾಗಳೆಲ್ಲ ಚೆಂಡಿನ ಹಿಂದೆ ಓಡುತ್ತವೆ. ಚೆಂಡು ಇಲ್ಲದ ಕಡೆಯೇ ನಿಮ್ಮ ಜಾಗ, ಅಲ್ಲಿ ಸಿಗುವ ಸಂಗತಿಗೆ ಕೊನೆಯಿಲ್ಲ.

ಬಸ್ಸಿನಿಂದ ಆಟಗಾರರು ಇಳಿಯುವುದು. ಕಿಟ್ ಬ್ಯಾಗಿನ ಜಿಪ್ ಎಳೆಯುವುದು, ಶೂ ಲೇಸು ಬಿಗಿಯುವುದು, ಬೆರಳಿಗೆ ಟೇಪ್ ಸುತ್ತುವುದು. ಮೈದಾನದ ಸಿಬ್ಬಂದಿ ಗೆರೆ ಎಳೆಯುವುದು. ಗೋಲ್‌ಕೀಪರ್ ಕಂಬಗಳನ್ನು ಮುಟ್ಟಿ ನಿಲ್ಲುವ ಬಗೆ. ಟಾಸಿಗೆ ಮುಂಚಿನ ಹಸ್ತಲಾಘವ. ವಿಕೆಟ್ ಬಿದ್ದಾಗ ಔಟಾದವನ ಮೇಲಲ್ಲ, ಒಳಬರುವವನ ಮೇಲೆ ಕಣ್ಣಿಡಿ: ಹೆಲ್ಮೆಟ್ ಪಟ್ಟಿ ಹಾಕಿಕೊಳ್ಳುತ್ತ ಮೆಟ್ಟಿಲಿಳಿಯುವ ಆ ಹತ್ತು ಸೆಕೆಂಡು ಟಿವಿಯಲ್ಲಿ ಅಪರೂಪ. ಗೋಲು ಬಿದ್ದಾಗ ಬೆಂಚಿನ ಕಡೆಗೆ ತಿರುಗಿ. ಕೋಚು, ಫಿಸಿಯೊ, ಬದಲಿ ಆಟಗಾರರು ಒಟ್ಟಿಗೆ ಎದ್ದು ನಿಲ್ಲುವುದು ಚೆಂಡು ಬಲೆ ಸೇರುವುದಕ್ಕಿಂತ ಹೆಚ್ಚು ಹೇಳುತ್ತದೆ. ಪಂದ್ಯ ಮುಗಿದ ಮೇಲಿನ ಮೂರು ನಿಮಿಷಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಎದುರಾಳಿಗಳ ಅಪ್ಪುಗೆ, ಅಂಗಿ ಬದಲಾವಣೆ, ಒಬ್ಬನೇ ಕೂತವನು ಎಲ್ಲ ಆಗಲೇ ಸಿಗುವುದು.

ಹಿಂದಿನ ದಿನವೇ ಹದಿನೈದಿಪ್ಪತ್ತು ಶಾಟುಗಳ ಪಟ್ಟಿ ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಎಂದಿರಲಿ. ಪಟ್ಟಿಯಲ್ಲಿ ದೂರದ್ದು, ಮಧ್ಯಮದ್ದು, ತೀರ ಹತ್ತಿರದ್ದು ಮೂರೂ ಬೆರೆತಿರಬೇಕು. ಎಲ್ಲವೂ ಒಂದೇ ದೂರದ್ದಾದರೆ ಎಡಿಟ್ ಮಾಡುವಾಗ ಒಂದಕ್ಕೊಂದು ಅಂಟುವುದಿಲ್ಲ. ಒಂದೊಂದನ್ನೂ ಕನಿಷ್ಠ 8 ಸೆಕೆಂಡು ಅಲುಗಾಡದೆ ಹಿಡಿಯಿರಿ. ರೀಲಿನಲ್ಲಿ ಉಳಿಯುವುದು 2 ಸೆಕೆಂಡೇ ಆದರೂ ಯಾವ ಎರಡು ಎನ್ನುವುದು ಆಮೇಲಷ್ಟೇ ತಿಳಿಯುತ್ತದೆ.

ಟೆನಿಸಿನಲ್ಲಿ ಅಂಕ ನಡೆಯುವಾಗ ಜಾಗ ಬಿಟ್ಟು ಏಳಬೇಡಿ, ಆಟಗಾರರು ಬದಿ ಬದಲಿಸುವಾಗ ಏಳಿ. ಗಾಲ್ಫ್ ಹೊಡೆತ, ಓಟದ ಆರಂಭ, ಬಿಲ್ಲುಗಾರಿಕೆ ಇಂಥ ಕಡೆ ಫೋನಿನ ಶಟರ್ ಸದ್ದೂ ಕೇಳಬಾರದು. ಫ್ಲ್ಯಾಶನ್ನು ಎಲ್ಲ ಕ್ರೀಡೆಗೂ ಆರಿಸಿಯೇ ಇಡಿ.

ಪ್ರಶ್ನೆ: ರೀಲಿಗೆ ನಿಲುವಾಗಿ ತೆಗೆಯಬೇಕು, ಯೂಟ್ಯೂಬಿಗೆ ಅಡ್ಡವಾಗಿ. ಎರಡನ್ನೂ ತೆಗೆಯಲು ಆಗುತ್ತಿಲ್ಲ.

ಉತ್ತರ: ಮನುಷ್ಯರನ್ನು ನಿಲುವಾಗಿ, ಆಟವನ್ನು ಅಡ್ಡವಾಗಿ ತೆಗೆಯಿರಿ. ಅಡ್ಡ ತೆಗೆಯುವಾಗ 4ಕೆ ಇರಲಿ. 3840×2160ರ ಚಿತ್ರದಿಂದ 9:16 ಅಳತೆಯ ತುಂಡು ಕತ್ತರಿಸಿದರೆ 1215×2160 ಸಿಗುತ್ತದೆ, ರೀಲಿಗೆ ಬೇಕಾದ 1080×1920ಕ್ಕೆ ಅದು ಧಾರಾಳ. 1080ಪಿಯಲ್ಲಿ (1920×1080) ತೆಗೆದಿದ್ದರೆ ಅದೇ ತುಂಡಿನ ಅಗಲ 607 ಪಿಕ್ಸೆಲ್ಲಿಗೆ ಇಳಿದು ಮಸುಕಾಗುತ್ತದೆ. ಕತ್ತರಿಸುವುದು ಗೊತ್ತಿದ್ದರೆ ತೆಗೆಯುವಾಗಲೇ ಮುಖ್ಯ ವ್ಯಕ್ತಿಯನ್ನು ನಡುವಿನ ಮೂರನೇ ಒಂದು ಭಾಗದಲ್ಲಿ ಇಟ್ಟುಕೊಳ್ಳಿ. ನಿಲುವು ವಿಡಿಯೊದ ತಲೆಯ ಎಂಟನೇ ಒಂದು ಭಾಗ, ಬುಡದ ಐದನೇ ಒಂದು ಭಾಗ, ಬಲ ಅಂಚು ಇವು ಆ್ಯಪಿನ ಹೆಸರು, ಕ್ಯಾಪ್ಶನ್, ಗುಂಡಿಗಳಿಗೆ ಹೋಗುತ್ತವೆ. ಅಲ್ಲಿ ಸ್ಕೋರು ಬರೆದರೆ ಯಾರಿಗೂ ಕಾಣದು.

ಪ್ರಶ್ನೆ: ಹೊನಲು ಬೆಳಕಿನ ಪಂದ್ಯದ ಸ್ಲೋ ಮೋಷನ್ ವಿಡಿಯೊದಲ್ಲಿ ಬೆಳಕು ಮಿಣಮಿಣ ಎನ್ನುತ್ತದೆ. ಫೋಟೊಗಳಲ್ಲಿ ಕೆಲವು ಹಳದಿ, ಕೆಲವು ಕಪ್ಪು. ಫೋನು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ದೀಪಗಳೇ ಮಿಣುಕುತ್ತಿವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ವಿದ್ಯುತ್ತು 50 ಹರ್ಟ್ಸ್ ಇರುವ ದೇಶಗಳಲ್ಲಿ ಹಳೆಯ ಬಗೆಯ ಮೈದಾನದ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, 60 ಹರ್ಟ್ಸ್ ಇರುವಲ್ಲಿ 120 ಸಲ. ಸೆಕೆಂಡಿಗೆ 240 ಫ್ರೇಮು (ಬಿಡಿ ಚಿತ್ರ) ತೆಗೆಯುವ ಸ್ಲೋ ಮೋಷನ್ ಆ ಏರಿಳಿತಕ್ಕಿಂತ ವೇಗವಾಗಿ ಓಡುತ್ತದೆ. ಒಂದು ಫ್ರೇಮಿಗೆ ಬೆಳಕಿನ ಏರು ಸಿಕ್ಕಿದರೆ ಮತ್ತೊಂದಕ್ಕೆ ಇಳಿವು ಸಿಗುತ್ತದೆ. ಮಿಣುಕದಂತೆ ಮಾಡಿದ ಒಳ್ಳೆಯ ಎಲ್‌ಇಡಿ ದೀಪಗಳಿದ್ದರೆ ಈ ತೊಂದರೆಯಿಲ್ಲ. ಯಾವ ದೀಪ ಎಂದು ಕೇಳಿ ತಿಳಿಯುವುದಕ್ಕಿಂತ ದೀಪ ಹಚ್ಚಿದ ಕೂಡಲೇ 10 ಸೆಕೆಂಡು ತೆಗೆದು ನೋಡುವುದು ಸುಲಭ.

ಮಿಣುಕಿದರೆ 240 ಫ್ರೇಮಿನ ಆಸೆ ಬಿಟ್ಟುಬಿಡಿ. 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮು ಇಟ್ಟು ಶಟರನ್ನು (ಒಂದೊಂದು ಫ್ರೇಮಿಗೂ ಬೆಳಕು ಒಳಬಿಡುವ ಅವಧಿ) 1/100 ಸೆಕೆಂಡಿಗೆ ಕಟ್ಟಿಹಾಕಿ. 60 ಹರ್ಟ್ಸ್ ಇರುವಲ್ಲಿ 30 ಅಥವಾ 60 ಫ್ರೇಮು, ಶಟರ್ 1/120. ಫೋನಿನ ಮೂಲ ಕ್ಯಾಮೆರಾ ಆ್ಯಪಿನಲ್ಲಿ ಶಟರ್ ಕೈಗೆ ಸಿಗದಿದ್ದರೆ 'ಪ್ರೊ' ಮೋಡ್ ಇರುವ ಆ್ಯಪ್ ಹಾಕಿಕೊಳ್ಳಿ. 50 ಫ್ರೇಮಿನ ವಿಡಿಯೊವನ್ನು ಎಡಿಟಿಂಗ್ ಆ್ಯಪಿನಲ್ಲಿ ಸೆಕೆಂಡಿಗೆ 25 ಫ್ರೇಮಿನ ಟೈಮ್‌ಲೈನಿಗೆ ಹಾಕಿದರೆ ಅರ್ಧ ವೇಗದ ಸ್ಲೋ ಮೋಷನ್ ಸಿಗುತ್ತದೆ, ಸಂಭ್ರಮದ ದೃಶ್ಯಕ್ಕೆ ಅಷ್ಟು ಸಾಕು. ಹಗಲಿನಲ್ಲಿ ಈ ಯಾವ ಕಟ್ಟೂ ಇಲ್ಲ: 120 ಫ್ರೇಮು 30ರ ಟೈಮ್‌ಲೈನಿನಲ್ಲಿ ನಾಲ್ಕು ಪಟ್ಟು ನಿಧಾನವಾಗುತ್ತದೆ.

ಫೋಟೊಗೆ ಲೆಕ್ಕ ಬೇರೆ. ಓಡುವವರನ್ನು ಅಲ್ಲಾಡದಂತೆ ಹಿಡಿಯಲು 1/1000 ಸೆಕೆಂಡು ಬೇಕು, ಬ್ಯಾಟು, ರ‍್ಯಾಕೆಟ್ಟಿನ ಹೊಡೆತಕ್ಕೆ 1/2000. ರಾತ್ರಿ ಅದಕ್ಕಾಗಿ ಬೆಳಕಿನ ಸೂಕ್ಷ್ಮತೆಯಾದ ಐಎಸ್‌ಒ 3200, 6400ರವರೆಗೂ ಏರಿಸಬೇಕಾದೀತು. ಏರಿಸಿ. ಕಾಳುಕಾಳಾದ ಫೋಟೊವನ್ನು ಜನ ಒಪ್ಪುತ್ತಾರೆ, ಅಲುಗಿದ ಮುಖವನ್ನು ಒಪ್ಪುವುದಿಲ್ಲ. ಬಣ್ಣ ಬದಲಾಗುತ್ತಿದ್ದರೆ ಕ್ಯಾಮೆರಾದಲ್ಲಿ 'ಆ್ಯಂಟಿ-ಫ್ಲಿಕರ್' ಹುಡುಕಿ. ಅದು ಬೆಳಕಿನ ಏರಿಗೆ ಸರಿಯಾಗಿ ಶಟರ್ ಬೀಳುವಂತೆ ನೋಡಿಕೊಳ್ಳುತ್ತದೆ.

ಇನ್ನೆರಡು ಮಾತು. ಅರ್ಧ ಮೈದಾನ ಬಿಸಿಲು, ಅರ್ಧ ನೆರಳಿರುವ ಸಂಜೆ ಪರದೆಯನ್ನು ಒತ್ತಿ ಹಿಡಿದು ಫೋಕಸ್ಸನ್ನೂ ಎಕ್ಸ್‌ಪೋಶರನ್ನೂ ಲಾಕ್ ಮಾಡಿ, ಬೆಳಕನ್ನು ತುಸು ಇಳಿಸಿ. ಇಲ್ಲದಿದ್ದರೆ ಆಟಗಾರ ನೆರಳಿಗೆ ಕಾಲಿಟ್ಟ ಕ್ಷಣ ಚಿತ್ರವೆಲ್ಲ ಬೆಳ್ಳಗೆ ಉಬ್ಬುತ್ತದೆ. ಎರಡನೆಯದು ಎಚ್‌ಡಿಆರ್ ವಿಡಿಯೊ: ಬೆಳಕು, ಬಣ್ಣಗಳನ್ನು ಹೆಚ್ಚು ಮಿರುಗಿಸಿ ತೋರಿಸುವ ಬಗೆ ಅದು, ಅವಸರದ ದಿನ ಅದನ್ನು ಆಫ್ ಮಾಡಿ. ನಿಮ್ಮ ಫೋನಿನಲ್ಲಿ ಮಿರುಗುವ ಬಣ್ಣ ಬೇರೆ ಆ್ಯಪ್, ಬೇರೆ ಫೋನು ದಾಟುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ, ಸರಿಪಡಿಸಲು ಆಗ ಸಮಯವಿರುವುದಿಲ್ಲ.

ಪ್ರಶ್ನೆ: ಗೋಲು ಬೀಳುವ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿರುತ್ತೇವೆ. ಬಿಡದೆ ತೆಗೆದರೆ ಮೆಮೊರಿ ತುಂಬುತ್ತದೆ.

ಉತ್ತರ: ಮೊದಲು ಲೆಕ್ಕ. ಐಫೋನಿನಲ್ಲಿ ಒಂದು ನಿಮಿಷದ ವಿಡಿಯೊ ಸುಮಾರು ಇಷ್ಟಾಗುತ್ತದೆ: 1080ಪಿ 30 ಫ್ರೇಮಿಗೆ 60 ಎಂಬಿ, 60 ಫ್ರೇಮಿಗೆ 90 ಎಂಬಿ, 4ಕೆ 30 ಫ್ರೇಮಿಗೆ 170 ಎಂಬಿ, 60 ಫ್ರೇಮಿಗೆ 400 ಎಂಬಿ. ಬೇರೆ ಫೋನುಗಳಲ್ಲಿ ತುಸು ಆಚೀಚೆ. ಎಂದರೆ 20 ಜಿಬಿ ಖಾಲಿ ಇದ್ದರೆ 4ಕೆ 60 ಫ್ರೇಮು 50 ನಿಮಿಷಕ್ಕೆ ಮುಗಿಯುತ್ತದೆ, 4ಕೆ 30 ಫ್ರೇಮು ಎರಡು ಗಂಟೆಯ ಹತ್ತಿರ ಬರುತ್ತದೆ. ಪಂದ್ಯದ ದಿನ ಬೆಳಗ್ಗೆ ಕನಿಷ್ಠ 60 ಜಿಬಿ ಖಾಲಿ ಮಾಡಿಕೊಳ್ಳಿ.

ತೆಗೆಯುವ ಬಗೆಯನ್ನೂ ಬದಲಿಸಿ. ಕಾರ್ನರ್, ಫ್ರೀ ಕಿಕ್, ಪೆನಾಲ್ಟಿ, ಕೊನೆಯ ಓವರು, ಮ್ಯಾಚ್ ಪಾಯಿಂಟು, ಕಬಡ್ಡಿಯಲ್ಲಿ ಮಾಡು ಇಲ್ಲವೇ ಮಡಿ ರೇಡು, ಇವು ಮೊದಲೇ ಗೊತ್ತಾಗುವ ಕ್ಷಣಗಳು. ಆಟ ನಿಂತಾಗಲೇ ರೆಕಾರ್ಡಿಂಗ್ ಶುರು ಮಾಡಿ, ಏನೂ ಆಗದಿದ್ದರೆ ಅಲ್ಲೇ ಅಳಿಸಿ. ಗೋಪ್ರೊದಂಥ ಕ್ಯಾಮೆರಾ ಇದ್ದರೆ 'ಹೈಂಡ್‌ಸೈಟ್' ಎಂಬ ಸೌಕರ್ಯವಿದೆ: ಗುಂಡಿ ಒತ್ತುವುದಕ್ಕೆ ಮುಂಚಿನ 15 ಅಥವಾ 30 ಸೆಕೆಂಡನ್ನೂ ಉಳಿಸಿಕೊಡುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಆಟ ನಡೆಯುವಾಗ ಮಾತ್ರ ಹಚ್ಚಿ.

ಗೋಲು ಬಿದ್ದ ಮೇಲೆ ಕೈ ಅವಸರಪಡುವುದೇ ಹೆಚ್ಚಿನ ನಷ್ಟಕ್ಕೆ ಕಾರಣ. ಸಂಭ್ರಮ ಮುಗಿದು ಆಟ ಮತ್ತೆ ಶುರುವಾಗುವವರೆಗೂ ನಿಲ್ಲಿಸಬೇಡಿ, ಜೂಮ್ ಮಾಡಬೇಡಿ, ನೀವೂ ಕುಣಿಯಬೇಡಿ. ಅಭಿಮಾನಿಗಳಿಗೆ ಇದು ಕಷ್ಟದ ಕೆಲಸ. ಮೊನೊಪಾಡ್ ಇದ್ದರೆ ಕೈ ನಡುಗುವುದು ತಪ್ಪುತ್ತದೆ; ಟ್ರೈಪಾಡನ್ನು ಬಹಳ ಕಡೆ ಒಳಗೆ ಬಿಡುವುದಿಲ್ಲ.

ಪ್ರಶ್ನೆ: ಮೈದಾನ ತುಂಬಿದ ಮೇಲೆ ಏನೂ ಅಪ್‌ಲೋಡ್ ಆಗುವುದಿಲ್ಲ. ಸಿಗ್ನಲ್ ಕಡ್ಡಿಗಳು ಮಾತ್ರ ಪೂರ್ತಿ ಇರುತ್ತವೆ!

ಉತ್ತರ: ಕಡ್ಡಿಗಳು ತೋರಿಸುವುದು ಟವರಿನ ದನಿ ನಿಮಗೆಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ನಿಮ್ಮ ಪಾಲಿಗೆ ಎಷ್ಟು ಜಾಗ ಖಾಲಿ ಇದೆ ಎಂಬುದು ಬೇರೆ ಮಾತು. ಮೊಬೈಲ್ ಜಾಲದಲ್ಲಿ ಇಳಿಸಿಕೊಳ್ಳುವುದಕ್ಕೆ ಅಗಲ ರಸ್ತೆ, ಏರಿಸುವುದಕ್ಕೆ ಕಿರುದಾರಿ. ಗೋಲು ಬಿದ್ದಾಗ, ವಿರಾಮ ಸಿಕ್ಕಾಗ ಗ್ಯಾಲರಿಯೆಲ್ಲ ಆ ಕಿರುದಾರಿಗೇ ನುಗ್ಗುತ್ತದೆ. ಖಾಲಿ ಮೈದಾನದಲ್ಲಿ ಬೆಳಗ್ಗೆ ಮಾಡಿದ ಸ್ಪೀಡ್ ಟೆಸ್ಟಿನಿಂದ ಏನೂ ತಿಳಿಯದು. ಜನ ಬಂದ ಮೇಲೆ ಮಾಡಿ, ಅದರಲ್ಲೂ ಅಪ್‌ಲೋಡ್ ಅಂಕಿಯನ್ನೇ ನೋಡಿ.

ಉತ್ತಮ ದಾರಿ ತಂತಿ. ಮೀಡಿಯಾ ರೂಮಿನಲ್ಲಿ ಲ್ಯಾನ್ ಕೇಬಲ್ ಇದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಮೂಲಕ ಫೋನಿಗೇ ಚುಚ್ಚಬಹುದು. ಆಮೇಲೆ ಮೀಡಿಯಾದವರಿಗೆಂದೇ ಇಟ್ಟ ವೈಫೈ, 5 ಗಿಗಾಹರ್ಟ್ಸ್‌ನದ್ದು. ಅದೂ ಇಲ್ಲದಿದ್ದರೆ ಎರಡು ಬೇರೆ ಕಂಪನಿಗಳ ಸಿಮ್. ಗ್ಯಾಲರಿಯ ಕೆಳಗಿನ ಓಣಿಗೋ ಹೊರಗಿನ ಗೇಟಿನ ಬಳಿಗೋ ಹೋದರೆ ಬೇರೆ ಆಂಟೆನಾ ಸಿಕ್ಕಿ ಕೆಲಸವಾಗುವುದುಂಟು. ಅಂಥ ಒಂದು ಮೂಲೆಯನ್ನು ಮೊದಲೇ ಗುರುತಿಸಿಡಿ. ವಿರಾಮಕ್ಕೆ ಎರಡು ನಿಮಿಷ ಮುಂಚೆಯೇ ಅಪ್‌ಲೋಡ್ ಒತ್ತಿಬಿಡಿ.

ಫೈಲಿನ ತೂಕ ಇಳಿಸಿ. 4ಕೆ 60 ಫ್ರೇಮಿನ 30 ಸೆಕೆಂಡು ಎಂದರೆ ಸುಮಾರು 200 ಎಂಬಿ. ಅಪ್‌ಲೋಡ್ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್; 8 ಮೆಗಾಬಿಟ್ ಸೇರಿದರೆ 1 ಎಂಬಿ) ಇದ್ದರೆ 320 ಸೆಕೆಂಡು, ಐದು ನಿಮಿಷಕ್ಕೂ ಮಿಕ್ಕಿ. ಅದನ್ನೇ 1080×1920ಕ್ಕೆ, 10 ಎಂಬಿಪಿಎಸ್ ಬಿಟ್‌ರೇಟಿಗೆ ಎಕ್ಸ್‌ಪೋರ್ಟ್ ಮಾಡಿದರೆ 37.5 ಎಂಬಿ, ಬರೀ ಒಂದು ನಿಮಿಷ. ಫೋನ್ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಜಾಲ ತೀರಾ ಸೊರಗಿದ್ದರೆ ಮೊದಲು ಫೋಟೊ ಕಳಿಸಿ: 1080×1350ರ ಅರ್ಧ ಎಂಬಿ ಜೆಪೆಗ್ 1 ಎಂಬಿಪಿಎಸ್‌ನಲ್ಲೂ ನಾಲ್ಕೇ ಸೆಕೆಂಡಿನಲ್ಲಿ ಹೋಗುತ್ತದೆ. ವಿಡಿಯೊ ಹಿಂದಿನಿಂದ ಬರಲಿ.

ಗೂಗಲ್ ಫೋಟೋಸ್, ಐಕ್ಲೌಡ್‌ಗಳ ತಾನಾಗಿ ಆಗುವ ಬ್ಯಾಕಪ್ಪನ್ನು ಆಫ್ ಮಾಡಿ. ನಿಮ್ಮ ಇರುವಷ್ಟು ಅಪ್‌ಲೋಡನ್ನೂ ಅವೇ ಗುಟ್ಟಾಗಿ ಕುಡಿದುಬಿಡುತ್ತವೆ. ಜೊತೆಗಾರರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಹಿಂಡಿಹೋಗುತ್ತದೆ. ಎಲ್ಲ ಖಾತೆಗಳಿಗೂ ಮನೆಯಲ್ಲೇ ಲಾಗಿನ್ ಆಗಿ ಬನ್ನಿ. ಮೈದಾನದಲ್ಲಿ ಆ್ಯಪು ಒಟಿಪಿ ಕೇಳಿತೆಂದರೆ ಆ ಎಸ್‌ಎಂಎಸ್ ಬರುವುದು ಪಂದ್ಯ ಮುಗಿದ ಮೇಲೆ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ ಜಾಲವಿಲ್ಲದೆಯೂ ಕೋಡ್ ಸಿಗುತ್ತದೆ. ಬ್ಯಾಕಪ್ ಕೋಡುಗಳನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ಪ್ರಶ್ನೆ: ಸ್ಕೋರ್ ಗ್ರಾಫಿಕ್‌ನಲ್ಲಿ ಕನ್ನಡ ಒತ್ತಕ್ಷರಗಳು ಒಡೆದು ಬರುತ್ತವೆ. 'ಕ್ರಿಕೆಟ್' ಎಂದು ಬರೆದರೆ ಬೇರೇನೋ ಕಾಣುತ್ತದೆ.

ಉತ್ತರ: ಕೆಲವು ವಿಡಿಯೊ ಎಡಿಟಿಂಗ್ ಆ್ಯಪುಗಳಿಗೆ ಕನ್ನಡದ ಅಕ್ಷರ ಜೋಡಣೆ ಇನ್ನೂ ಬರುವುದಿಲ್ಲ; ಒತ್ತನ್ನು ಕೆಳಗೆ ಕೂರಿಸದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ಇಡುತ್ತವೆ. ಫಾಂಟ್ ಬದಲಿಸಿದರೆ ಇದು ಸರಿಹೋಗದು, ಆ್ಯಪನ್ನೇ ಬದಲಿಸಬೇಕು. ಬದಲಿಸುವಂತಿಲ್ಲದಿದ್ದರೆ ಕನ್ನಡ ಸಾಲನ್ನು ಸರಿಯಾಗಿ ಕೂರಿಸುವ ಇನ್ನೊಂದು ಆ್ಯಪಿನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿಕೊಂಡು ವಿಡಿಯೊದ ಮೇಲೆ ಚಿತ್ರದಂತೆ ಹೊದಿಸಿ. ಫೋಟೊಶಾಪಿನಲ್ಲಾದರೆ ಟೈಪ್ ಸೆಟ್ಟಿಂಗಿನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿಕೊಳ್ಳಿ. ಹಳೆಯ ಆವೃತ್ತಿಗಳಲ್ಲಿ ಅದೇ 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್' ಎಂದಿರುತ್ತದೆ. ಬರೆಯುವುದು ಯೂನಿಕೋಡಿನಲ್ಲೇ ಇರಲಿ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಉಚಿತ ಫಾಂಟುಗಳು; ದಪ್ಪ ಶೀರ್ಷಿಕೆಗೆ ಬಾಲೂ ಚೆನ್ನಾಗಿ ಒಪ್ಪುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಜಾಗ ಬಿಡಿ. ಇಂಗ್ಲಿಷ್ ಟೆಂಪ್ಲೇಟಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘ, ಗುಡಿಸುಗಳಿಗೆ ಬಡಿಯುತ್ತದೆ.

ಟೆಂಪ್ಲೇಟುಗಳು ಹಿಂದಿನ ದಿನವೇ ಸಿದ್ಧವಿರಬೇಕು: ಆಡುವವರ ಪಟ್ಟಿ, ಟಾಸ್, ವಿರಾಮದ ಸ್ಕೋರು, ಗೋಲು ಅಥವಾ ವಿಕೆಟ್, ಗೆಲುವು, ಸೋಲು, ಸಮ, ಮಳೆಯಿಂದ ತಡ, ಪಂದ್ಯ ರದ್ದು. ಸೋಲಿನದನ್ನು ಮಾಡಿಡದೆ ಹೋಗುವವರು ಬಹಳ. ಸೋತ ಸಂಜೆ ಬೇಸರದಲ್ಲಿ ಮಾಡಿದ ಗ್ರಾಫಿಕ್‌ನಲ್ಲೇ ತಪ್ಪು ನುಸುಳುವುದು. ಎರಡೂ ತಂಡಗಳ ಆಟಗಾರರ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಆಯಾ ತಂಡದವರನ್ನೇ ಕೇಳಿ ಒಂದು ಪಟ್ಟಿ ಮಾಡಿ, ಪಂದ್ಯದಲ್ಲಿ ಅದರಿಂದಲೇ ನಕಲಿಸಿ ಅಂಟಿಸಿ. ಸ್ಕೋರನ್ನು ಅಧಿಕೃತ ಫಲಕದಲ್ಲಿ ನೋಡಿಯೇ ಹಾಕಿ. ಗೋಲು ಕಂಡ ಕೂಡಲೇ ಹಾಕಿದರೆ ಮರುಪರಿಶೀಲನೆಯಲ್ಲಿ ರದ್ದಾಗಬಹುದು. ಮೂವತ್ತು ಸೆಕೆಂಡು ತಡವಾದರೆ ಯಾರೂ ಬೈಯುವುದಿಲ್ಲ. ತಪ್ಪು ಸ್ಕೋರಿನ ಸ್ಕ್ರೀನ್‌ಶಾಟ್ ಮಾತ್ರ ವರ್ಷಗಟ್ಟಲೆ ಓಡಾಡುತ್ತದೆ.

ಪ್ರಶ್ನೆ: ಪಂದ್ಯ ಮುಗಿದ ಮೇಲೆ ಆಟಗಾರರನ್ನು ಮಾತನಾಡಿಸಿದರೆ ಬರೀ ಗದ್ದಲ. ವೈರ್‌ಲೆಸ್ ಮೈಕ್ ಕೊಂಡರೂ ದನಿ ಕಡಿದು ಕಡಿದು ಬರುತ್ತದೆ.

ಉತ್ತರ: ಅಗ್ಗದ, ಚಿಕ್ಕ ವೈರ್‌ಲೆಸ್ ಮೈಕುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಸಾವಿರಾರು ಫೋನುಗಳ ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಆಟಗಾರನ ಮೈಯೇ ಅಡ್ಡ ಬಂದರೂ ಸಿಗ್ನಲ್ ಕಡಿಯುತ್ತದೆ. ವೈರ್‌ಲೆಸ್ಸೇ ಗತಿಯಾದರೆ ಎರಡು ಮೂರು ಮೀಟರಿನೊಳಗೆ, ಎದುರೆದುರೇ ನಿಲ್ಲಿ; ಮೈಕಿನೊಳಗೇ ರೆಕಾರ್ಡ್ ಆಗುವ ಸೌಕರ್ಯ ಇದ್ದರೆ ಅದನ್ನೂ ಹಚ್ಚಿ. ಆದರೆ ಗದ್ದಲದ ಜಾಗಕ್ಕೆ ಸುದ್ದಿವಾಹಿನಿಯವರ ಕೈಯಲ್ಲಿ ಕಾಣುವ ತಂತಿಯ ಡೈನಮಿಕ್ ಮೈಕೇ ಸರಿ. ಎಲ್ಲ ದಿಕ್ಕಿನಿಂದಲೂ ದನಿ ಹಿಡಿಯುವ 'ಓಮ್ನಿ' ಬಗೆಯದು ಇರಲಿ, ಅನನುಭವಿ ಕೈಯಲ್ಲಿ ಮೈಕು ಓರೆಯಾದರೂ ಮಾತು ತಪ್ಪುವುದಿಲ್ಲ. ಬಾಯಿಯಿಂದ ಅರ್ಧ ಗೇಣು ಕೆಳಗೆ ಹಿಡಿಯಿರಿ. ಗದ್ದಲ ಗೆಲ್ಲುವುದು ದುಬಾರಿ ಮೈಕಿನಿಂದಲ್ಲ, ಬಾಯಿಗೂ ಮೈಕಿಗೂ ಇರುವ ಅಂತರ ಕಡಿಮೆಯಾದರೆ. ಮಟ್ಟದ ಮುಳ್ಳು ಜೋರಿನಲ್ಲೂ ಮೈನಸ್ 12 ಡಿಬಿಯ ಆಸುಪಾಸಿನಲ್ಲಿರಲಿ, ಮಾತಿನ ನಡುವೆ ಚಪ್ಪಾಳೆ ಎದ್ದರೂ ಒಡೆಯದಂತೆ.

'ಹೇಗನ್ನಿಸುತ್ತಿದೆ' ಎಂದು ಕೇಳಬೇಡಿ, 'ಖುಷಿಯಾಗಿದೆ' ಎಂಬ ಉತ್ತರ ಬರುತ್ತದೆ. 'ಕೊನೆಯ ಓವರಿಗೆ ಚೆಂಡು ಕೈಗೆ ಬಂದಾಗ ಕ್ಯಾಪ್ಟನ್ ಏನು ಹೇಳಿದರು' ಎಂದು ಕೇಳಿ. ಸದ್ದು ಆರಿಸಿಯೇ ರೀಲು ನೋಡುವವರು ಬಹಳ, ಹಾಗಾಗಿ ಮಾತಿಗೆ ಸಬ್‌ಟೈಟಲ್ ಹಾಕಿ.

ಹಾಡಿನ ವಿಚಾರ: ಇನ್‌ಸ್ಟಾಗ್ರಾಮಿನಲ್ಲಿ ಸ್ವಂತ ಖಾತೆಗೆ ಸಿಗುವ ಜನಪ್ರಿಯ ಹಾಡುಗಳು ಬಿಸಿನೆಸ್ ಖಾತೆಯ ಬಳಕೆಗೆ ಪರವಾನಗಿ ಪಡೆದವಲ್ಲ. ಮೆಟಾದ ಸೌಂಡ್ ಕಲೆಕ್ಷನ್, ಯೂಟ್ಯೂಬಿನ ಆಡಿಯೊ ಲೈಬ್ರರಿ ಬಳಸಿ. ಅದಕ್ಕಿಂತ ಒಳ್ಳೆಯದು ಮೈದಾನದ್ದೇ ಸದ್ದು. ಧ್ವನಿವರ್ಧಕ ಸುಮ್ಮನಿರುವಾಗ ಜನರ ಗುಲ್ಲು, ಬ್ಯಾಟಿನ ಟಕ್, ಸ್ಪೈಕ್ ಶೂಗಳ ಕರಕರ, ಶಿಳ್ಳೆ ಇವನ್ನು 30 ಸೆಕೆಂಡಿನಂತೆ ಬೇರೆಯಾಗಿ ರೆಕಾರ್ಡ್ ಮಾಡಿಡಿ. ಹಾಡು ಬೆರೆತ ದೃಶ್ಯದ ಸದ್ದು ತೆಗೆದು ಇದನ್ನು ಹಾಕಿದರೆ ನೋಟಿಸಿನ ಭಯವಿಲ್ಲ.

ಪ್ರಶ್ನೆ: ಬಿಸಿಲಿನಲ್ಲಿ ಫೋನು ಕಾದು ರೆಕಾರ್ಡಿಂಗ್ ನಿಂತೇ ಹೋಗುತ್ತದೆ.

ಉತ್ತರ: ಐಫೋನಿಗೆ ಆ್ಯಪಲ್ ಹೇಳುವ ಸುತ್ತಲಿನ ಉಷ್ಣಾಂಶ 0ರಿಂದ 35 ಡಿಗ್ರಿ ಸೆಲ್ಸಿಯಸ್. ಬಿಸಿಲಿನ ಗ್ಯಾಲರಿ ಅದನ್ನು ಸುಲಭವಾಗಿ ದಾಟುತ್ತದೆ. ದಪ್ಪ ಕವರ್ ಕಳಚಿ, ತೆಗೆಯದಿರುವಾಗ ಬಿಳಿ ಬಟ್ಟೆಯ ಕೆಳಗಿಡಿ. 4ಕೆ 60 ಬದಲು 4ಕೆ 30 ಇಡಿ. ತೆಗೆಯುತ್ತಲೇ ಚಾರ್ಜ್ ಮಾಡಬೇಡಿ, ಎರಡು ಕಡೆಯ ಕಾವು ಸೇರುತ್ತದೆ. ತೆಗೆಯುವ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ತುಂಬಿದ ಮೈದಾನದಲ್ಲಿ ಜಾಲ ಹುಡುಕುತ್ತಲೇ ಬ್ಯಾಟರಿ ಕರಗುತ್ತದೆ. ಕಾದ ಫೋನನ್ನು ಐಸಿನ ಮೇಲಿಡಬೇಡಿ, ಒಳಗೆ ನೀರಾಡುತ್ತದೆ.

ಪ್ರಶ್ನೆ: ಆಟಗಾರ್ತಿ ಗಾಯಗೊಂಡು ಬಿದ್ದ ವಿಡಿಯೊ ನಮ್ಮಲ್ಲಿ ಮಾತ್ರ ಇತ್ತು. ಹಾಕಲಿಲ್ಲ. ಸರಿಯೇ?

ಉತ್ತರ: ಖಂಡಿತ ಸರಿ. ಆಕೆಯ ಮನೆಯವರು ಅದನ್ನು ಮೊದಲು ನೋಡುವುದು ನಿಮ್ಮ ಪುಟದಲ್ಲಿ ಆಗಬಾರದು. ತಂಡದ ಹೇಳಿಕೆ ಬರುವವರೆಗೆ ಗಾಯದ ಹೆಸರನ್ನೂ ಊಹಿಸಬೇಡಿ. ನಿಗದಿಯಾಗಿ ಹೋಗಬೇಕಿದ್ದ ತಮಾಷೆಯ ಪೋಸ್ಟುಗಳನ್ನೂ ತಡೆಹಿಡಿಯಿರಿ. ಆ ವಿಡಿಯೊವನ್ನು ತಂಡದ ವೈದ್ಯರು ಕೇಳಿದರೆ ಅವರಿಗೆ ಮಾತ್ರ ಕೊಡಿ, ಹೇಗೆ ಬಿದ್ದರು ಎನ್ನುವುದು ಚಿಕಿತ್ಸೆಗೆ ನೆರವಾಗಬಹುದು.

ಮಕ್ಕಳ ಟೂರ್ನಿಯಲ್ಲಿ ಪೋಷಕರ ಒಪ್ಪಿಗೆ ಬರಹದಲ್ಲಿ ಇರಬೇಕು. ಒಪ್ಪದವರ ಮಕ್ಕಳ ಜೆರ್ಸಿ ಸಂಖ್ಯೆ ತೆಗೆಯುವವರ ಕೈಯಲ್ಲಿರಬೇಕು. ಮಗುವಿನ ಪೂರ್ತಿ ಹೆಸರು, ಶಾಲೆ, ಮುಖ ಮೂರನ್ನೂ ಒಂದೇ ಪೋಸ್ಟಿನಲ್ಲಿ ಕೂಡಿಸಬೇಡಿ. ಯಾವ ವಿಡಿಯೊವನ್ನೇ ಆಗಲಿ ಹಾಕುವ ಮುನ್ನ ಹಿನ್ನೆಲೆಯನ್ನು ಒಮ್ಮೆ ನೋಡಿ: ಕೋಚಿನ ತಂತ್ರದ ಹಲಗೆ, ಗೋಡೆಯ ಮೇಲಿನ ವೈಫೈ ಪಾಸ್‌ವರ್ಡ್, ಕೊರಳಿನ ಕಾರ್ಡಿನ ಬಾರ್‌ಕೋಡ್, ಟಿಕೆಟ್ಟಿನ ಕ್ಯುಆರ್ ಕೋಡ್, ಬಟ್ಟೆ ಬದಲಿಸುತ್ತಿರುವವರು.

ಪ್ರಶ್ನೆ: ನಾವು ಇಬ್ಬರೇ. ಕೆಲಸ ಹೇಗೆ ಹಂಚಿಕೊಳ್ಳುವುದು?

ಉತ್ತರ: ಒಬ್ಬರು ತೆಗೆಯಲಿ, ಒಬ್ಬರು ಹಾಕಲಿ. ಇಬ್ಬರೂ ಎರಡನ್ನೂ ಮಾಡಿದರೆ ಒಂದೇ ಗೋಲು ಎರಡು ಸಲ ಹೋಗುತ್ತದೆ, ಇಲ್ಲವೇ ಒಮ್ಮೆಯೂ ಹೋಗುವುದಿಲ್ಲ. ಹಾಕುವವರು ಆಟವನ್ನೂ ಸ್ಕೋರನ್ನೂ ನೋಡುತ್ತ ಜಾಲ ಸಿಗುವ ಜಾಗದಲ್ಲಿ ಕೂರಬೇಕು. ತೆಗೆಯುವವರು ಆಯ್ದ ಮೂರು ನಾಲ್ಕು ತುಂಡುಗಳನ್ನು ಮಾತ್ರ ಕಳಿಸಬೇಕು, ಎಲ್ಲವನ್ನೂ ಸುರಿಯಬಾರದು. ಮುಖ್ಯ ಕ್ಷಣ ಬಂದಾಗ ತೆಗೆಯುವವರು 'ಗೋಲು, 37ನೇ ನಿಮಿಷ, ಬೆಂಚಿನ ಕಡೆ' ಎಂದು ಕ್ಯಾಮೆರಾಗೇ ಹೇಳಿಬಿಟ್ಟರೆ ರಾತ್ರಿ ಹುಡುಕುವ ಕೆಲಸ ತಪ್ಪುತ್ತದೆ. ಎಲ್ಲ ಸಾಧನಗಳ ಗಡಿಯಾರವನ್ನು ಬೆಳಗ್ಗೆ ಒಂದೇ ಸಮಯಕ್ಕೆ ಹೊಂದಿಸಿಡಿ. ಕ್ಯಾಮೆರಾದ ಗಡಿಯಾರ ಹಿಂದೆಮುಂದೆ ಓಡುವುದು ತೀರಾ ಸಾಮಾನ್ಯ.

ಅಂದು ರಾತ್ರಿಯೇ ಫೈಲುಗಳನ್ನು ಎರಡು ಬೇರೆ ಡಿಸ್ಕುಗಳಿಗೆ ನಕಲಿಸಿ. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ, ಆಮೇಲೆ ಎದುರಾಳಿ ಎಂಬ ಕ್ರಮದಲ್ಲಿರಲಿ, ತಾನಾಗಿ ಸಾಲಾಗಿ ನಿಲ್ಲುತ್ತವೆ. ನಕಲಿನಿಂದ ನಾಲ್ಕೈದು ವಿಡಿಯೊಗಳನ್ನು ತೆರೆದು, ಕೊನೆಯವರೆಗೂ ಓಡುತ್ತವೆಯೇ ಎಂದು ನೋಡಿದ ಮೇಲೆಯೇ ಫೋನಿನಿಂದ ಅಳಿಸಿ.